ಮಗಳ ನಾಯಿ ಭಯ ಹೇಗೆ ಹೋಯಿತು?

"ನಾಯಿ ಕಂಡರೆ ಚೀರಿಕೊಂಡು ನಿಮ್ಮ ಸೊಂಟ ಏರುತ್ತಿದ್ದ ಹುಡುಗಿ ಈಗ ಇಷ್ಟು ಆರಾಮಾಗಿ ನಿಂತಿರುತ್ತಾಳಲ್ಲ, ಏನು ಮಾಡಿದಿರಿ?" ಸಣ್ಣ ಮಕ್ಕಳಿರುವ ಅಮ್ಮಂದಿರು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ನನ್ನ ಉತ್ತರ ಇಷ್ಟೇ: ಅವಳಿಗೆ ಧೈರ್ಯ ಹೇಳುವುದರ ಬದಲು ನಾಯಿಗೂ ಅವಳಿಗೂ ನಡುವಿನ ದೂರವನ್ನು ನೋಡಿಕೊಂಡೆ.

ನಾಯಿ ಕಂಡ ಕೂಡಲೇ ಮಗುವನ್ನು ಎತ್ತಿಕೊಂಡು ಬೇರೆ ಕಡೆ ಹೋಗುವುದು ಸುಲಭ. ಅಳು ನಿಲ್ಲುತ್ತದೆ. ಆದರೆ "ಓಡಿದ್ದಕ್ಕೇ ಬಚಾವಾದೆ" ಅಂತ ಮಗು ಕಲಿಯುತ್ತದೆ. ಆ ನಾಯಿ ಏನೂ ಮಾಡುತ್ತಿರಲಿಲ್ಲ ಎಂದು ತಿಳಿಯುವ ಅವಕಾಶವೇ ಅದಕ್ಕೆ ಸಿಗುವುದಿಲ್ಲ. ಇನ್ನು ಕೈ ಹಿಡಿದು ನಾಯಿ ಹತ್ತಿರ ಎಳೆದುಕೊಂಡು ಹೋಗುವುದಂತೂ ಬೇಡವೇ ಬೇಡ. ಆಗ ನಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ.

ನನಗೆ ದಾರಿ ತೋರಿಸಿದ್ದು ಒಂದು ಹಳೆಯ ಪ್ರಯೋಗ. ಅಮೆರಿಕದ ಮನೋವಿಜ್ಞಾನಿ ಮೇರಿ ಕವರ್ ಜೋನ್ಸ್ ಅದರ ಬಗ್ಗೆ 1924ರಲ್ಲಿ ಬರೆದರು. ಪೀಟರ್ ಎಂಬ ಪುಟ್ಟ ಹುಡುಗ, ಮೂರು ವರ್ಷ ಕೂಡ ತುಂಬಿರಲಿಲ್ಲ. ಅವನಿಗೆ ಮೊಲ ಕಂಡರೆ ಭಯ. ತುಪ್ಪಳದ ಕೋಟು, ಹತ್ತಿ ಕಂಡರೂ ಭಯ. ಮೊದಲು ಮೊಲಕ್ಕೆ ಹೆದರದ ಮಕ್ಕಳ ಜೊತೆ ಆಡಲು ಬಿಟ್ಟರು. ಸುಧಾರಿಸುತ್ತಿದ್ದ. ಅಷ್ಟರಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದ. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆ ಹಾರಿತು. ಹೋಗಿದ್ದ ಭಯ ವಾಪಸ್ ಬಂತು. ಆಮೇಲೆ ಅವನು ಇಷ್ಟದ ತಿಂಡಿ ತಿನ್ನುವಾಗ ಪಂಜರದ ಮೊಲವನ್ನು ದೂರದಲ್ಲಿ ಇಟ್ಟರು. ಅವನು ತಿನ್ನುವುದಕ್ಕೆ ತೊಂದರೆಯಾಗದಷ್ಟು ದೂರ. ಹಾಗೇ ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನೇ ಮೊಲವನ್ನು ಮುದ್ದು ಮಾಡಿದ.

ನಾವೂ ಅದನ್ನೇ ಮಾಡಿದೆವು. ಪರಿಚಯದವರ ಮನೆಯ ವಯಸ್ಸಾದ, ಶಾಂತ ಸ್ವಭಾವದ ನಾಯಿ. ಕಟ್ಟಿಹಾಕಿರುತ್ತಿದ್ದರು. ಸಾಕಷ್ಟು ದೂರದಲ್ಲಿ ಸುಮ್ನೆ ಕೂತು ಆಡುತ್ತಿದ್ದೆವು. ನನ್ನ ಮಗಳು ವಾಚಾಳಿ. ಅವಳ ಮಾತು ನಿಂತರೆ ಜಾಸ್ತಿ ಹತ್ತಿರ ಬಂದಿದ್ದೇವೆ ಅಂತ ಅರ್ಥ, ಹಿಂದೆ ಸರಿಯುತ್ತಿದ್ದೆವು. ಅವಳಿಗೆ ನಾಯಿ ನೋಡಿ ನೋಡಿ ಬೇಜಾರಾಗಿ ಬೇರೆ ಏನೋ ಆಟ ಶುರು ಮಾಡಿದರೆ, ಮುಂದಿನ ಸಲ ಒಂದೆರಡು ಹೆಜ್ಜೆ ಮುಂದೆ. ಆ ಹೆಜ್ಜೆಯನ್ನೂ ಅವಳೇ ತೋರಿಸಬೇಕು. ನಿಧಾನ ಅನ್ನಿಸಿದರೂ ಅವಸರ ಮಾಡಲಿಲ್ಲ. ಮಗು ಅಮ್ಮನ ಮುಖವನ್ನೇ ನೋಡುತ್ತಿರುತ್ತದೆ ಅಲ್ವಾ, ಅದಕ್ಕೆ ನನ್ನ ಹಿಡಿತ ಬಿಗಿಯಾಗದಂತೆ, ದನಿ ಏರದಂತೆ ನೋಡಿಕೊಳ್ಳುತ್ತಿದ್ದೆ.

"ನಾಯಿ ಏನೂ ಮಾಡಲ್ಲ" ಎಂದು ಮಾತ್ರ ನಾನು ಯಾವತ್ತೂ ಹೇಳಲಿಲ್ಲ. ಅದು ನಿಜವಲ್ಲ, ಕೆಲವು ನಾಯಿಗಳು ಕಚ್ಚುತ್ತವೆ. "ಹೆದರಿಕೆ ಆಗ್ತಿದೆ ಅಲ್ವಾ, ನಾನಿದ್ದೀನಿ" ಅಂದರೆ ಸಾಕು. ಅದರ ಜೊತೆ ಮಾಡಬೇಕಾದ್ದನ್ನು ಕಲಿಸಿದೆ. ಗೊತ್ತಿಲ್ಲದ ನಾಯಿ ಹತ್ತಿರ ಬಂದರೆ ಓಡಬೇಡ, ಕೈ ಕೆಳಗೆ ಬಿಟ್ಟು ಅಲ್ಲಾಡದೆ ನಿಲ್ಲು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ. ತಿನ್ನುತ್ತಿರುವ, ಮಲಗಿರುವ, ಮರಿಗಳ ಜೊತೆ ಇರುವ ನಾಯಿಯ ತಂಟೆ ಬೇಡ. ಬಾಲ ಅಲ್ಲಾಡಿಸಿದ ಮಾತ್ರಕ್ಕೆ ಅದು ಸ್ನೇಹವಲ್ಲ, ಸಾಕಿದವರನ್ನು ಕೇಳದೆ ಮುಟ್ಟಬಾರದು. ಏನು ಮಾಡಬೇಕೆಂದು ಗೊತ್ತಾದಾಗಲೇ ಅವಳ ಹೆದರಿಕೆ ಅರ್ಧ ಇಳಿಯಿತು ಎಂದು ನನ್ನ ನಂಬಿಕೆ.

ನಡುವೆ ಒಂದು ನಾಯಿ ಜೋರಾಗಿ ಬೊಗಳಿ ಅವಳು ಮತ್ತೆ ಸೊಂಟ ಏರಿದ್ದುಂಟು. ಪೀಟರ್ ನೆನಪಾದ. ಬೈಯದೆ, ಮತ್ತೆ ದೂರದಿಂದ ಶುರು ಮಾಡಿದೆವು. ಈಗಲೂ ಅವಳು ಎಲ್ಲಾ ನಾಯಿಗಳನ್ನೂ ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ.

ನಿಮ್ಮ ಮಗುವಿನ ಭಯ ಆರು ತಿಂಗಳಾದರೂ ಇಳಿಯದೆ, ನಿದ್ದೆ, ಆಟ, ಶಾಲೆಗೆ ಅಡ್ಡ ಬರುತ್ತಿದ್ದರೆ ಮಕ್ಕಳ ಮನೋತಜ್ಞರನ್ನು ನೋಡಿ. ಅವರೂ ಬಹುಪಾಲು ಹೀಗೇ ಹಂತ ಹಂತವಾಗಿ ಹೋಗುತ್ತಾರೆ, ನಿಮ್ಮನ್ನೂ ಜೊತೆಗೆ ಕೂರಿಸಿಕೊಂಡು.