ರೊನಾಲ್ಡ್ ಕೋಲ್‌ಮನ್ ಮೂಕಿ ಚಿತ್ರಗಳು: ‘ಬ್ಯೂ ಜೆಸ್ಟ್’ ತನಕ

ಕೋಲ್‌ಮನ್ ಅವರ ಮೂಕಿ ಚಿತ್ರಗಳನ್ನು ಬಂದ ಕ್ರಮದಲ್ಲೇ ನೋಡಿ, ಒಂದೊಂದಕ್ಕೂ ಟಿಪ್ಪಣಿ ಬರೆಯುತ್ತಾ ಈಗ 1926ಕ್ಕೆ ಬಂದಿದ್ದೇನೆ. ಇಂಗ್ಲೆಂಡಿನ ರಿಚ್ಮಂಡ್‌ನಲ್ಲಿ 1891ರಲ್ಲಿ ಹುಟ್ಟಿದ ಈ ನಟನ ಶುರುವಿನ ಬ್ರಿಟಿಷ್ ಚಿತ್ರಗಳ ಪುಟ ಹೆಚ್ಚುಕಡಿಮೆ ಖಾಲಿಯೇ ಉಳಿದಿದೆ. 1919ರ ‘ಶೀಬಾ’ ತೆಗೆದದ್ದು ಸೆಸಿಲ್ ಹೆಪ್‌ವರ್ತ್ ಕಂಪನಿ. 1924ರಲ್ಲಿ ಅದು ದಿವಾಳಿಯಾದಾಗ ಅಲ್ಲಿದ್ದ ನೆಗೆಟಿವ್‌ಗಳನ್ನು ಕರಗಿಸಲು ಮಾರಿಬಿಟ್ಟರು. ಹೊಟ್ಟೆ ಉರಿಯುತ್ತದೆ.

ಹಾಗಾಗಿ ಟಿಪ್ಪಣಿ ಸರಿಯಾಗಿ ಶುರುವಾಗುವುದು 1923ರ ‘ದಿ ವೈಟ್ ಸಿಸ್ಟರ್’ನಿಂದ. ನ್ಯೂಯಾರ್ಕಿನಲ್ಲಿ ಕೋಲ್‌ಮನ್ ಅವರ ನಾಟಕ ನೋಡಿದ ನಿರ್ದೇಶಕ ಹೆನ್ರಿ ಕಿಂಗ್, ಸ್ಕ್ರೀನ್ ಟೆಸ್ಟ್‌ಗೆ ಕರೆದು ಪೆನ್ಸಿಲ್‌ನಲ್ಲಿ ಮೀಸೆ ಬರೆದರು. ಚಿತ್ರೀಕರಣ ಇಟಲಿಯಲ್ಲಿ, ನಾಯಕಿ ಲಿಲಿಯನ್ ಗಿಶ್. ಮುಂದೆ ಆ ಮೀಸೆಯೇ ಅವರ ಗುರುತಾಯಿತು.

ಜಾಸ್ತಿ ಹೊತ್ತು ಹಿಡಿದದ್ದು ಲ್ಯೂಬಿಚ್ ನಿರ್ದೇಶಿಸಿದ ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್’ (1925). ಮೂಲ ಆಸ್ಕರ್ ವೈಲ್ಡ್ ನಾಟಕ. ಅದರ ಹೆಸರುವಾಸಿ ಚಾಟು ಮಾತುಗಳನ್ನೆಲ್ಲ ಲ್ಯೂಬಿಚ್ ಕೈಬಿಟ್ಟರು. ಇಲ್ಲಿ ಕೆಲಸ ಮಾಡುವುದು ಕಣ್ಣು. ವಿಂಡರ್‌ಮಿಯರ್‌ನ ಮೇಜಿನ ಮೇಲೊಂದು ಪತ್ರವಿದೆ, ಹೆಂಡತಿಗೆ ಕಾಣಬಾರದು. ಅವನು ಅದನ್ನು ಮೆಲ್ಲಗೆ ಮರೆಮಾಡಲು ನೋಡುತ್ತಾನೆ. ಆದರೆ ಕೋಲ್‌ಮನ್ ಮಾಡಿರುವ ಡಾರ್ಲಿಂಗ್ಟನ್ ಅದನ್ನು ಕಂಡುಬಿಡುತ್ತಾನೆ. ಒಂದು ನೋಟ, ಅಷ್ಟೇ. ಈ ಮನೆಯಲ್ಲಿ ಗುಟ್ಟೊಂದಿದೆ, ಅದು ಇವನಿಗೆ ಸಿಕ್ಕಿತು ಅಂತ ನಮಗೆ ಗೊತ್ತಾಗುತ್ತದೆ. ಆ ಕಾಲದ ಎಷ್ಟೋ ನಟರು ಇಂಥ ಕಡೆ ಕೈ ಬೀಸಿ, ಎದೆ ಹಿಡಿದುಕೊಳ್ಳುತ್ತಿದ್ದರು. ಇವರು ಸುಮ್ನೆ ನಿಲ್ಲುತ್ತಾರೆ. ಅದನ್ನು ನೋಡಲೆಂದೇ ಈ ದೃಶ್ಯವನ್ನು ಮತ್ತೆ ಮತ್ತೆ ಹಾಕಿಕೊಂಡೆ.

ಅದೇ ವರ್ಷದ ‘ದಿ ಡಾರ್ಕ್ ಏಂಜಲ್’ ಕಳೆದುಹೋಗಿದೆ. ಗೋಲ್ಡ್‌ವಿನ್ ನಿರ್ಮಾಣದಲ್ಲಿ ನಟಿ ವಿಲ್ಮಾ ಬ್ಯಾಂಕಿ ಜೊತೆ ಮಾಡಿದ ಐದು ಚಿತ್ರಗಳಲ್ಲಿ ಮೊದಲನೆಯದು. ಯುದ್ಧದಲ್ಲಿ ಕಣ್ಣು ಕಳೆದುಕೊಂಡವನು ಪ್ರೀತಿಸಿದವಳಿಂದ ಅದನ್ನು ಮುಚ್ಚಿಡುವ ಕತೆ. ಕೋಲ್‌ಮನ್ ಅವರೇ 1914ರಲ್ಲಿ ಬೆಲ್ಜಿಯಂನ ಮೆಸೀನ್‌ನಲ್ಲಿ ಕಾಲಿಗೆ ಪೆಟ್ಟು ತಿಂದವರು. ತೆರೆಯ ಮೇಲೆ ಕುಂಟು ಕಾಣದಂತೆ ಕೊನೆತನಕ ನೋಡಿಕೊಂಡವರು. ನನಗೆ ಎಲ್ಲಕ್ಕಿಂತ ನೋಡಬೇಕೆನಿಸುವ ಚಿತ್ರ ಇದೇ.

‘ಬ್ಯೂ ಜೆಸ್ಟ್’ ಬೇರೆಯೇ ಲೋಕ. ಮರಳುಗಾಡಿನ ಕೋಟೆ, ಗೋಡೆಯ ಮೇಲೆ ಬಂದೂಕು ಹಿಡಿಸಿ ನಿಲ್ಲಿಸಿದ ಹೆಣಗಳು. ಅಷ್ಟು ಗದ್ದಲದ ನಡುವೆಯೂ ಕೋಲ್‌ಮನ್ ಅದೇ ಹದದಲ್ಲಿದ್ದಾರೆ.

ಟಾಕಿ ಬಂದಾಗ ಅವರನ್ನು ಉಳಿಸಿದ್ದು ಕಂಠ ಎನ್ನುತ್ತಾರೆ. ಆ ದನಿ ಚೆಂದವೇ, ಅನುಮಾನವಿಲ್ಲ. 1929ರ ಎರಡು ಟಾಕಿಗಳಿಗೆ ಆಸ್ಕರ್ ನಾಮನಿರ್ದೇಶನವೂ ಬಂತು. ಆದರೆ ಮೈಕ್ ಮುಂದೆ ತಗ್ಗಿಸಿಕೊಳ್ಳಬೇಕಾದ ಅತಿ ಅಭಿನಯ ಅವರಲ್ಲಿ ಮೊದಲೇ ಇರಲಿಲ್ಲ, ಅಲ್ವಾ? ನನ್ನ ಟಿಪ್ಪಣಿಗಳೆಲ್ಲ ಇದನ್ನೇ ಹೇಳುತ್ತಿವೆ.

ಮುಂದಿನದು ‘ದಿ ವಿನ್ನಿಂಗ್ ಆಫ್ ಬಾರ್ಬರಾ ವರ್ತ್’. ಅದರಲ್ಲಿ ಹೊಸಬ ಗ್ಯಾರಿ ಕೂಪರ್ ಕೂಡ ಇದ್ದಾರೆ. ಮೊದಲ ಟಾಕಿ ‘ಬುಲ್‌ಡಾಗ್ ಡ್ರಮಂಡ್’ ಸರದಿ ಬಂದಾಗ ಮೊದಲು ಸೌಂಡ್ ಪೂರ್ತಿ ಆಫ್ ಮಾಡಿ ನೋಡುತ್ತೇನೆ.