ಫ್ರೀಕ್ವೆನ್ಸಿ ಒಂದೇ ಐತಲ್ಲಣ್ಣ, ಮತ್ತೇನು?

ಮೊನ್ನೆ ಶನಿವಾರ ಮಂಡ್ಯದ ಕಡೆಯ ಒಂದು ಜಾತ್ರೆಯ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ಹುಡುಗ ಕೇಳಿದ್ದು ಇದನ್ನು. ಸಮಿತಿಯವರು ಅಷ್ಟರಲ್ಲಿ ನಾಲ್ಕು ಸಲ ಬಂದು "ಇನ್ನೂ ಎಷ್ಟೊತ್ತು?" ಅಂದು ಹೋಗಿದ್ದರು. ಇನ್-ಇಯರ್ ಅಂದರೆ ಕಲಾವಿದರು ವೇದಿಕೆಯ ಮೇಲೆ ತಮ್ಮ ಹಾಡು-ವಾದ್ಯ ಕಿವಿಯಲ್ಲೇ ಕೇಳಿಕೊಳ್ಳುವ ವೈರ್‌ಲೆಸ್ ಸೆಟ್ಟು. ಬಾಡಿಗೆಗೆ ಬಂದ ಇನ್-ಇಯರ್ ಟ್ರಾನ್ಸ್‌ಮಿಟರ್ ಒಂದು ಕಂಪನಿಯದ್ದು, ಹುಡುಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡು ತಂದಿದ್ದ ಬೆಲ್ಟ್‌ಪ್ಯಾಕ್ (ಸೊಂಟಕ್ಕೆ ಸಿಕ್ಕಿಸುವ ರಿಸೀವರ್) ಇನ್ನೊಂದರದ್ದು. ಎರಡಕ್ಕೂ 606.500 ಮೆಗಾಹರ್ಟ್ಸ್ ಹಾಕಿದ. ಸಿಗ್ನಲ್ ತೋರಿಸುವ ಆರ್‌ಎಫ್ ಕಡ್ಡಿಗಳು ತುಂಬಿದವು, ಸ್ಟೀರಿಯೋನೂ ಬಂತು. ಆದರೆ ಕೀಬೋರ್ಡಿನ ಎಳೆದು ನಿಲ್ಲುವ ಪ್ಯಾಡ್ ಸೌಂಡಿನ ಬಾಲ ಯಾರೋ ಕತ್ತರಿ ಹಾಕಿದ ಹಾಗೆ ತುಂಡಾಗುತ್ತಿತ್ತು. ಗಾಯಕಿಯ ದನಿಯ ರಿವರ್ಬ್, ಅಂದರೆ ಮೊಳಗು, ಅರ್ಧಕ್ಕೇ ಮಾಯ.

"ಫ್ರೀಕ್ವೆನ್ಸಿ ಒಂದೇ ಐತಲ್ಲಣ್ಣ, ಮತ್ತೇನು?"

ಬಾಡಿಗೆಯವನಿಗೆ ಫೋನ್ ಮಾಡಿದರೆ "ಎಲ್ಲಾ ಒಂದೇ, ಹಾಕ್ಕೊಳಿ" ಅಂದ. ಸಿಟ್ಟು ಬರಬೇಕಾದ್ದು ಇವನ ಮೇಲೆ, ಹುಡುಗನ ಮೇಲಲ್ಲ. ಹುಡುಗನಿಗೆ ಹಾಗೆ ಕಲಿಸಿದ್ದು ರೇಡಿಯೋ. 101.3ಕ್ಕೆ ತಿರುಗಿಸಿದರೆ ಬೆಂಗಳೂರಿನಲ್ಲಿ ಯಾವ ಕಂಪನಿಯ ಸೆಟ್ಟಿನಲ್ಲೂ ಕಾಮನಬಿಲ್ಲು ಕೇಳುತ್ತದೆ. ಅದಕ್ಕೆ ಕಾರಣ, ಪ್ರಸಾರ ಎಫ್‌ಎಂನಲ್ಲಿ ಎಲ್ಲವೂ ಮೊದಲೇ ಗೊತ್ತುಮಾಡಿದ್ದು: ಡೀವಿಯೇಷನ್ (ದನಿಗೆ ತಕ್ಕಂತೆ ಫ್ರೀಕ್ವೆನ್ಸಿ ಅತ್ತಿತ್ತ ಓಲಾಡುವ ಅಳತೆ) 75 ಕಿಲೋಹರ್ಟ್ಸ್, ಸ್ಟೀರಿಯೋ ಇದೆ ಅಂತ ತಿಳಿಸುವ ಪೈಲಟ್ ಟೋನ್ 19 ಕಿಲೋಹರ್ಟ್ಸ್, ಕಳಿಸುವ ಮುಂಚೆ ಕೀರಲು ಸ್ವರಗಳನ್ನು ಎತ್ತುವ ಪ್ರೀ-ಎಂಫಸಿಸ್ 50 ಮೈಕ್ರೋಸೆಕೆಂಡ್. ಇನ್-ಇಯರ್‌ನಲ್ಲಿ ಅಂಥ ಒಪ್ಪಂದ ಯಾವುದೂ ಇಲ್ಲ. ಅದೂ ಎಫ್‌ಎಂ ಸ್ಟೀರಿಯೋನೇ, ಒಳಗಿನ ಲೆಕ್ಕ ಮಾತ್ರ ಕಂಪನಿಗೊಂದು.

ಮುಖ್ಯ ತಂಟೆ ಕಂಪ್ಯಾಂಡರ್‌ನದು. ಸಣ್ಣ ಶಬ್ದ ರೇಡಿಯೋ ಗದ್ದಲದಲ್ಲಿ ಮುಳುಗಬಾರದು ಅಂತ ಟ್ರಾನ್ಸ್‌ಮಿಟರ್ ದನಿಯ ಏರಿಳಿತವನ್ನು ಕುಗ್ಗಿಸಿ ಕಳಿಸುತ್ತದೆ, ಪ್ಯಾಕ್ ಅಷ್ಟೇ ಪ್ರಮಾಣದಲ್ಲಿ ಹಿಗ್ಗಿಸಬೇಕು. ಸೆನ್‌ಹೈಸರ್ ಕಂಪನಿ ತನ್ನದನ್ನು ಎಚ್‌ಡಿಎಕ್ಸ್ ಅನ್ನುತ್ತದೆ, ಶ್ಯೂರ್‌ನದು ಆಡಿಯೋ ರೆಫರೆನ್ಸ್ ಕಂಪ್ಯಾಂಡಿಂಗ್. ಕೆಲವು ವಿನ್ಯಾಸಗಳು ಎಲ್ಲ ಮಟ್ಟದಲ್ಲೂ 2:1, ಅಂದರೆ ಏರಿಳಿತವನ್ನು ಅರ್ಧಕ್ಕೆ, ಕುಗ್ಗಿಸುತ್ತವೆ, ಇನ್ನು ಕೆಲವು ಸಣ್ಣ ಶಬ್ದವನ್ನು ಮುಟ್ಟುವುದೇ ಇಲ್ಲ. ಈ ಎರಡನೇ ಬಗೆಯ ಟ್ರಾನ್ಸ್‌ಮಿಟರ್‌ಗೆ ಮೊದಲ ಬಗೆಯ ಪ್ಯಾಕ್ ಕಟ್ಟಿದರೆ, ಕುಗ್ಗಿಸದೇ ಬಂದದ್ದನ್ನೂ ಪ್ಯಾಕ್ ಹಿಗ್ಗಿಸಲು ಹೋಗಿ ಸಣ್ಣ ಶಬ್ದವನ್ನು ನೆಲಕ್ಕೆ ತುಳಿಯುತ್ತದೆ.

ಅನುಮಾನ ಬಂದರೆ ಐದು ನಿಮಿಷದ ಪರೀಕ್ಷೆ ಇದೆ. ಪ್ಯಾಕಿನ ಇಯರ್‌ಫೋನ್ ಔಟನ್ನು ಮಿಕ್ಸರ್‌ನ ಒಂದು ಖಾಲಿ ಚಾನೆಲ್‌ಗೆ ತನ್ನಿ. ಆ ಚಾನೆಲ್ ಟ್ರಾನ್ಸ್‌ಮಿಟರ್‌ಗೆ ಹೋಗುವ ಮಾನಿಟರ್ ಸೆಂಡಿಗೆ ಸೇರದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಕೂಗುತ್ತದೆ. 1 ಕಿಲೋಹರ್ಟ್ಸ್ ಟೋನ್ ಕಳಿಸಿ, 20 ಡಿಬಿ (ಡೆಸಿಬಲ್) ಇಳಿಸಿ, ಮತ್ತೆ 20 ಇಳಿಸಿ. ಮೀಟರೂ ಪ್ರತಿ ಸಲ 20 ಇಳಿಯಬೇಕು. 10 ಮಾತ್ರ ಇಳಿದರೆ ಪ್ಯಾಕ್ ಹಿಗ್ಗಿಸುತ್ತಿಲ್ಲ. ಶನಿವಾರ ಮೊದಲ ಸಲ ಹತ್ತಿರಹತ್ತಿರ 20 ಇಳಿಯಿತು, ಎರಡನೇ ಸಲ 40ಕ್ಕೆ ಹತ್ತಿರ. ರಿವರ್ಬ್ ಎಲ್ಲಿ ಹೋಗುತ್ತಿತ್ತು ಅನ್ನುವುದು ಮೀಟರಿನಲ್ಲೇ ಕಂಡಿತು. ಆ ಹುಡುಗ ಮೀಟರನ್ನು ನೋಡಿದ, ಪ್ಯಾಕನ್ನು ನೋಡಿದ, ಮತ್ತೆ ಅದೇ ಮಾತು: "ಆದ್ರೂ ಫ್ರೀಕ್ವೆನ್ಸಿ ಒಂದೇ ಐತಲ್ಲಣ್ಣ."

ದನಿ ಸಣ್ಣಗೆ ಬಂದು, ವಾಲ್ಯೂಮ್ ಏರಿಸಿದರೆ ಬುಸ್ ಅನ್ನುವ ಸದ್ದೂ ಏರಿದರೆ ಟ್ರಾನ್ಸ್‌ಮಿಟರ್‌ನ ಡೀವಿಯೇಷನ್ ಪ್ಯಾಕಿನ ಲೆಕ್ಕಕ್ಕಿಂತ ಕಡಿಮೆ. ಜೋರು ಹೊಡೆತಕ್ಕೆ ಒಡೆದರೆ ಹೆಚ್ಚು. ಡ್ರಮ್ಸಿನ ಹೈಹ್ಯಾಟ್ ತಾಳ ಕಿವಿಗೆ ಚುಚ್ಚಿದರೆ ಅಥವಾ ಕಂಬಳಿ ಹೊದ್ದಂತೆ ಕೇಳಿದರೆ ಪ್ರೀ-ಎಂಫಸಿಸ್ ನೋಡಿ. ಆರ್‌ಎಫ್ ತುಂಬಿಯೂ ಸದ್ದೇ ಇಲ್ಲದಿದ್ದರೆ, ಪ್ಯಾಕ್ ತನ್ನ ಕಂಪನಿಯ ಗುರುತಿನ ಟೋನ್ ಸಿಗದೆ ಮ್ಯೂಟ್ ಆಗಿರಬಹುದು. ಆ ಕಾವಲನ್ನು ಆಫ್ ಮಾಡಲು ಬಿಡುವ ಪ್ಯಾಕ್‌ಗಳಿವೆ, ಆಫ್ ಮಾಡಿ ಕಿವಿಗೆ ಹಾಕಿಕೊಳ್ಳುವುದು ಮಾತ್ರ ಬೇಡ. ಟ್ರಾನ್ಸ್‌ಮಿಟರ್ ಕರೆಂಟ್ ಹೋದ ಕ್ಷಣ ಗದ್ದಲವೆಲ್ಲ ನೇರ ಕಿವಿಗೆ ಬರಬಹುದು, ಜಾತ್ರೆ ಜನರೇಟರ್ ಗೊತ್ತಲ್ಲ. ಡಿಜಿಟಲ್ ಸೆಟ್ಟುಗಳ ಮಾತೇ ಬೇರೆ, ಅವು ಬೇರೆಯವರ ಸಿಗ್ನಲ್‌ಗೆ ಬಾಯೇ ಬಿಡುವುದಿಲ್ಲ.

ಕೊನೆಗೆ ಹುಡುಗನಿಗೆ ಕೊಟ್ಟದ್ದು ಒಂದು ಹೆಡ್‌ಫೋನ್ ಆಂಪ್, ಹತ್ತು ಮೀಟರ್ ಕೇಬಲ್. ಮೂರು ಗಂಟೆ ಸ್ಟೂಲ್ ಬಿಟ್ಟು ಏಳದವನಿಗೆ ವೈರ್‌ಲೆಸ್ ಯಾಕೆ ಅಂತ ಸೌಂಡ್‌ನವರು ಯಾರೂ ಕೇಳುವುದಿಲ್ಲ, ಕೇಳಿದರೆ ಕಲಾವಿದರಿಗೆ ಬೇಜಾರು. ಕುಣಿಯುವ ಗಾಯಕಿಗೆ ಬೇಕು, ಡ್ರಮ್ಮರ್‌ಗೆ ಬೇಡ. ಕೀಬೋರ್ಡಿಗಂತೂ ಬೇಡವೇ ಬೇಡ.

ಪೆಟ್ಟಿಗೆ ಕಟ್ಟುವಾಗ ಹುಡುಗ ಮತ್ತೆ ಬಂದ. "ಹಂಗಾರೆ ಒಂದೇ ಕಂಪನಿ, ಒಂದೇ ಮಾಡೆಲ್ ತಗೊಂಡ್ರೆ ಸರಿ ಹೋಯ್ತದಾ?"

ಅದೂ ಸಾಲದು, ಫ್ರೀಕ್ವೆನ್ಸಿ ಬ್ಯಾಂಡಿನ ಅಕ್ಷರ ನೋಡಬೇಕು. ಸೆನ್‌ಹೈಸರ್‌ನ ಜಿ4 ಸರಣಿಯಲ್ಲೇ 'ಎ' ಅಂದರೆ 516ರಿಂದ 558 ಮೆಗಾಹರ್ಟ್ಸ್, 'ಬಿ' ಅಂದರೆ 626ರಿಂದ 668. ಎರಡೂ ಒಂದನ್ನೊಂದು ಸಂಧಿಸುವುದೇ ಇಲ್ಲ. 823ರಿಂದ 865ರ 'ಇ' ಸಿಕ್ಕಿದರೆ ಇನ್ನೂ ಹುಷಾರು, 824ರಿಂದ 844ರವರೆಗೆ ಮೊಬೈಲ್‌ಗಳು ಟವರ್‌ಗೆ ಕಳಿಸುವ ಜಾಗ. ಮುಂದಿನ ಸಾಲಿನವರೆಲ್ಲ ಫೋನ್ ಎತ್ತಿ ವಿಡಿಯೋ ಲೈವ್ ಬಿಟ್ಟರೆ ಮುಗಿಯಿತು.

ಹುಡುಗ ಮೊಬೈಲ್ ಟಾರ್ಚ್ ಹಾಕಿ ತನ್ನ ಪ್ಯಾಕ್ ತಿರುಗಿಸಿ ಅಕ್ಷರ ಹುಡುಕತೊಡಗಿದ. ಸ್ಟಿಕರ್ ಬೆವರಿಗೆ ಅಳಿಸಿಹೋಗಿತ್ತು.