ಬ್ರೈಸ್ ಕ್ಯಾನ್ಯನ್‌ನಲ್ಲಿ ಚಾರ್ಜ್ ಹಿಡಿಯದ ಬ್ಯಾಟರಿ

ಬೆಳಿಗ್ಗೆ ಒಂಬತ್ತು ಗಂಟೆ. ವ್ಯಾನಿನ ಮೇಲೆ ಹತ್ತಿ ಸೋಲಾರ್ ಪ್ಯಾನಲ್ ಮೇಲಿದ್ದ ಹಿಮವನ್ನೆಲ್ಲ ಗುಡಿಸಿ ಇಳಿದೆ. ಮೂರನೇ ದಿನಕ್ಕೆ ಒಳ್ಳೆ ಬಿಸಿಲು ಬಂದಿತ್ತು. ಒಳಗೆ ಬಂದು ಫೋನಿನಲ್ಲಿ ವ್ಯಾನಿನ ಬ್ಯಾಟರಿಯ ಲೆಕ್ಕ ನೋಡಿದರೆ ಚಾರ್ಜಿಂಗ್ ಸೊನ್ನೆ. ಬ್ಯಾಟರಿಯಲ್ಲಿ ಉಳಿದಿದ್ದು 31 ಪರ್ಸೆಂಟ್. ಅದರ ಕೆಳಗೆ, ನಾನು ಅಷ್ಟು ದಿನ ಕಣ್ಣೆತ್ತಿಯೂ ನೋಡಿರದ ಇನ್ನೊಂದು ಅಂಕಿ, ಬ್ಯಾಟರಿಯ ಉಷ್ಣತೆ: ಮೈನಸ್ 4 ಡಿಗ್ರಿ.

ಅದು ಜನವರಿ ತಿಂಗಳು. ನಾವಿದ್ದದ್ದು ಅಮೆರಿಕದ ಯೂಟಾ ರಾಜ್ಯದ ಬ್ರೈಸ್ ಕ್ಯಾನ್ಯನ್‌ನಲ್ಲಿ. ಕೆಂಪು ಕಲ್ಲಿನ ಕಂಬಗಳ ತಲೆ ಮೇಲೆ ಹಿಮ ಕೂತಿರೋದನ್ನ ನೋಡಬೇಕು ಅಂತ ಮಗಳಿಗೆ ಬಹಳ ಆಸೆ. ಆ ಜಾಗ ಸುಮಾರು 8,000 ಅಡಿ ಎತ್ತರದಲ್ಲಿದೆ. ನಾವು ಹೋಗಿದ್ದು ಅರಿಝೋನಾದ ಬಿಸಿಲೂರು ಫೀನಿಕ್ಸ್‌ನಿಂದ. ಬ್ಯಾಟರಿ ಕೂರಿಸಿದ್ದು ಜೂನ್‌ನಲ್ಲಿ, 43 ಡಿಗ್ರಿ ಬಿಸಿಲಲ್ಲಿ. ಆಗ ನನಗಿದ್ದ ಚಿಂತೆ ಒಂದೇ, ಅದು ಬಿಸಿಯಾಗಬಾರದು. ಅದಕ್ಕೇ ಮಂಚದ ಕೆಳಗೆ, ಹಿಂಬಾಗಿಲಿಗೆ ಒತ್ತಿಕೊಂಡು, ಗಾಳಿಯಾಡುವ ಗೂಡಿನಲ್ಲಿ ಇಟ್ಟಿದ್ದೆ.

ರಾತ್ರಿಯೆಲ್ಲ ಗ್ಯಾಸ್ ಹೀಟರ್ ಓಡಿತ್ತು. ನಾವು ಮಲಗಿದ ಕಡೆ ಬೆಚ್ಚಗೇ ಇತ್ತು. ಆದರೆ ಆ ಬಿಸಿ ಹಾಸಿಗೆಯ ಹಲಗೆ ದಾಟಿ ಕೆಳಗೆ ಇಳಿದಿರಲಿಲ್ಲ. ಹಲಗೆ ಎತ್ತಿ ಟಾರ್ಚ್ ಬಿಟ್ಟೆ. ಹಿಂಬಾಗಿಲ ಸ್ಕ್ರೂಗಳ ತಲೆ ಮೇಲೆ ನಮ್ಮ ಉಸಿರಿನ ತೇವವೇ ಮಂಜುಗಟ್ಟಿ, ಉಪ್ಪು ಉದುರಿಸಿದ ಹಾಗೆ ಬೆಳ್ಳಗೆ ಕೂತಿತ್ತು. ಬ್ಯಾಟರಿ ಮೇಲೆ ಕೈ ಇಟ್ಟರೆ ಕಲ್ಲು ಮುಟ್ಟಿದ ಹಾಗೆ.

ನಿಜಕ್ಕೂ ಭಯವಾಗಿದ್ದು ಆಗಲೇ. ಹೀಟರ್ ಗ್ಯಾಸಿನಿಂದ ಉರಿಯುತ್ತದೆ, ಸರಿ. ಆದರೆ ಬಿಸಿಗಾಳಿ ತಳ್ಳುವ ಫ್ಯಾನ್ ಓಡೋದು ಇದೇ ಬ್ಯಾಟರಿಯಿಂದ. ಬ್ಯಾಟರಿ ಖಾಲಿಯಾದರೆ ಹೀಟರೂ ನಿಂತಂತೆ. ಎಂಜಿನ್ ಸ್ಟಾರ್ಟ್ ಮಾಡಿ, ಅದು ಓಡುವಾಗ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನಿಂದ ಚಾರ್ಜ್ ಹಾಕೋಣ ಅಂತ ನೋಡಿದೆ. ಅದನ್ನೂ ತೆಗೆದುಕೊಳ್ಳಲಿಲ್ಲ.

ಹಾಳಾಗಿದೆ ಅಂದುಕೊಂಡೆ. ಹಾಳಾಗಿರಲಿಲ್ಲ. ನಮ್ಮದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಈ ಜಾತಿಯದ್ದು ಸಾಮಾನ್ಯವಾಗಿ ಮೈನಸ್ 20ರವರೆಗೂ ಕರೆಂಟ್ ಕೊಡುತ್ತದೆ. ಆದರೆ ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡುವಂತಿಲ್ಲ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಬ್ಯಾಟರಿಯೊಳಗಿನ ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರಬೇಕು. ಚಳಿಯಲ್ಲಿ ಅವು ಒಳಗೆ ಸೇರೋದು ನಿಧಾನ. ನಾವು ಹಿಂದಿನಿಂದ ತಳ್ಳುತ್ತಲೇ ಇದ್ದರೆ, ಒಳಗೆ ಹೋಗಲಾಗದ ಲಿಥಿಯಂ ಹೊರಗೇ ಲೋಹವಾಗಿ ಮೆತ್ತಿಕೊಳ್ಳುತ್ತದೆ. ಹಾಗೆ ಮೆತ್ತಿಕೊಂಡಿದ್ದರಲ್ಲಿ ಬಹಳಷ್ಟು ಮತ್ತೆ ಕೆಲಸಕ್ಕೆ ಬರೋದಿಲ್ಲ. ಸೂಜಿ ಹಾಗೆ ಬೆಳೆದರೆ ಒಳಗೇ ಶಾರ್ಟ್ ಆಗಲೂಬಹುದು. ಅದಕ್ಕೇ ಬ್ಯಾಟರಿಯೊಳಗೆ ಕಾವಲಿಗಿರುವ ಬಿಎಂಎಸ್ ಸರ್ಕ್ಯೂಟ್ ಬಾಗಿಲು ಹಾಕಿಕೊಂಡಿತ್ತು. ಈ ಕಾವಲು ಇಲ್ಲದ ಅಗ್ಗದ ಬ್ಯಾಟರಿಗಳೂ ಸಿಗುತ್ತವೆ. ಅಂಥದ್ದು ಇದ್ದಿದ್ದರೆ ಆ ಬಿಸಿಲಿಗೆ ಸುಮ್ನೆ ಚಾರ್ಜ್ ಹಿಡಿಯುತ್ತಿತ್ತು, ನಾನು ಖುಷಿಯಾಗಿರುತ್ತಿದ್ದೆ, ಒಳಗೊಳಗೇ ಅದು ಸಾಯುತ್ತಿತ್ತು. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಾನು ಮೊದಲು ಮಾಡಿದ್ದು ತಪ್ಪು. ಇದ್ದ ರಗ್ಗನ್ನೆಲ್ಲ ತಂದು ಬ್ಯಾಟರಿಗೆ ಸುತ್ತಿದೆ. ಹೆಂಡತಿ ನೋಡಿದವಳೇ, "ರೀ, ತಣ್ಣಗಿರೋದಕ್ಕೆ ಸುತ್ತಿದ್ರೆ ತಣ್ಣಗೇ ಇರತ್ತೆ. ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರ್ಲಿಲ್ಲ ಅಂದ್ರೆ ಏನ್ ಮಾಡ್ತೀವಿ? ಓವನ್ ಒಳಗೆ ಲೈಟ್ ಹಾಕಿ ಇಡಲ್ವಾ?" ಅಂದಳು. ಹೌದಲ್ವಾ! ಹೊದಿಕೆ ಬಿಸಿ ಹುಟ್ಟಿಸುವುದಿಲ್ಲ, ಇರುವ ಬಿಸಿಯನ್ನು ಹಿಡಿದಿಡುತ್ತದೆ ಅಷ್ಟೇ. ಮೊದಲು ಬಿಸಿ ಕೊಡಬೇಕು.

ರಗ್ಗು ಬಿಚ್ಚಿದೆ. ಹಾಸಿಗೆ ಮಡಚಿ, ಹಲಗೆ ತೆಗೆದು, ವ್ಯಾನಿನ ಬೆಚ್ಚನೆ ಗಾಳಿ ಗೂಡಿಗೆ ಇಳಿಯುವ ಹಾಗೆ ಮಾಡಿದೆವು. ಒಲೆ ಮೇಲೆ ನೀರು ಕಾಯಿಸಿ ಎರಡು ರಬ್ಬರ್ ಚೀಲಗಳಿಗೆ ತುಂಬಿ, ಟವಲ್ ಸುತ್ತಿ, ಬ್ಯಾಟರಿಯ ಎರಡೂ ಪಕ್ಕಕ್ಕೆ ಒತ್ತಿ ಇಟ್ಟೆವು. ಮಗಳು ಬಾಣಂತಿ ಕೋಣೆಯಲ್ಲಿ ಕೂತವಳ ಹಾಗೆ ಕಾವಲು ಕೂತಳು. ಆಮೇಲೆ ರಗ್ಗು ಹೊದಿಸಿದೆವು.

200 ಆಂಪಿಯರ್-ಅವರ್ ಬ್ಯಾಟರಿ ಸುಮಾರು 22 ಕೆ.ಜಿ. ಇದೆ. ಅಷ್ಟು ತೂಕ ಒಂದು ಡಿಗ್ರಿ ಏರಬೇಕಾದರೆ ಹತ್ತಿರ ಹತ್ತಿರ 6 ವಾಟ್-ಅವರ್ ಬಿಸಿ ಬೇಕು. ಎರಡು ಲೀಟರ್ ಬಿಸಿ ನೀರಿನಲ್ಲಿ ಅದಕ್ಕೆ ಸಾಕಾಗಿ ಮಿಗುವಷ್ಟು ಇದೆ. ಆದರೆ ಅವಸರ ಮಾಡಿದರೆ ಆಗೋದಿಲ್ಲ. ಮೈ ಬೆಚ್ಚಗಾದರೂ ಹೊಟ್ಟೆ ತಣ್ಣಗೇ ಇರುತ್ತದೆ, ಸೆನ್ಸರ್ ನೋಡೋದು ಹೊಟ್ಟೆಯನ್ನು. ಮೈನಸ್ 3. ಮೈನಸ್ 1. ಸೊನ್ನೆ ದಾಟಿದ ಮೇಲೂ ಬಾಗಿಲು ತೆಗೆಯಲಿಲ್ಲ. ನಮ್ಮ ಬಿಎಂಎಸ್ 5 ಡಿಗ್ರಿ ಆಗುವವರೆಗೂ ಒಪ್ಪಲಿಲ್ಲ. ನೀರು ಎರಡು ಸಲ ಬದಲಾಯಿಸಿದೆವು. ಹನ್ನೊಂದೂವರೆಗೆ ಮಗಳು ಕೂಗಿದಳು, "ಅಪ್ಪಾ, ಏಳು ಆಂಪಿಯರ್!"

ಮನೆಗೆ ಬಂದ ವಾರವೇ ಬ್ಯಾಟರಿಯ ಜಾಗ ಬದಲಾಯಿಸಿದೆ. ಈಗ ಅದು ವ್ಯಾನಿನ ಮಧ್ಯದಲ್ಲಿ, ನಾವು ಕೂರುವ ಸೀಟಿನ ಕೆಳಗಿದೆ. ಸುತ್ತ ಒಂದಿಂಚು ದಪ್ಪದ ಫೋಮ್ ಹಲಗೆ. ಅಡಿಯಲ್ಲಿ ಅಲ್ಯೂಮಿನಿಯಂ ತಗಡು, ಅದರ ಕೆಳಭಾಗಕ್ಕೆ 30 ವಾಟಿನ ಎರಡು ಸಿಲಿಕೋನ್ ಹೀಟಿಂಗ್ ಪ್ಯಾಡ್. ತಗಡು ಇಲ್ಲದಿದ್ದರೆ ಒಂದೇ ಕಡೆ ಸುಡುತ್ತದೆ, ಇದನ್ನು ಮರೆಯಬೇಡಿ. 5 ಡಿಗ್ರಿಗೆ ಇಳಿದರೆ ಥರ್ಮೋಸ್ಟಾಟ್ ಆನ್ ಆಗುತ್ತದೆ, 10ಕ್ಕೆ ಆಫ್. ಕರೆಂಟ್ ಅದೇ ಬ್ಯಾಟರಿಯದ್ದು. ಚಳಿಯಲ್ಲೂ ಕೊಡುವುದು ಅದಕ್ಕೆ ಕಷ್ಟವಿಲ್ಲವಲ್ಲ, ತನ್ನನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳುತ್ತದೆ.

ಫೆಬ್ರವರಿಯಲ್ಲಿ ಅರಿಝೋನಾದ್ದೇ ಆದ ಬೆಟ್ಟದೂರು ಫ್ಲ್ಯಾಗ್‌ಸ್ಟಾಫ್ ಹತ್ತಿರ ಒಂದು ರಾತ್ರಿ ನಿಂತೆವು. ಹೊರಗೆ ಮೈನಸ್ 12. ಪ್ಯಾಡ್‌ಗಳು ರಾತ್ರಿಯೆಲ್ಲ ತಿಂದಿದ್ದು ಸುಮಾರು 150 ವಾಟ್-ಅವರ್, ಅಂದರೆ ಬ್ಯಾಟರಿಯ ಆರು ಪರ್ಸೆಂಟ್. ಬೆಳಿಗ್ಗೆ ಎದ್ದವಳೇ ಮಗಳು ಹಲ್ಲುಜ್ಜುವ ಮೊದಲು ಫೋನ್ ನೋಡಿದಳು. ಏಳು ಡಿಗ್ರಿ. ಅವಳಮ್ಮ ಕಾಫಿಗೆ ನೀರಿಟ್ಟಳು. ಬಿಸಿಲು ಪ್ಯಾನಲ್‌ಗೆ ತಾಗುವವರೆಗೂ ಮೂವರೂ ಆ ಸೀಟಿನ ಮೇಲೇ ಕೂತಿದ್ದೆವು.